ಗೇಣು ದೂರದ ಉಸಿರು

ಚೊಂಬನ್ನು ತುಟಿಗೆ ತಾಗಿಸದೆ, ಎತ್ತಿ ಹಿಡಿದು ನೀರು ಕುಡಿಯುವ ವಿದ್ಯೆ ಇತ್ತೀಚೆಗೆ ನನ್ನ ಕೈಬಿಡುತ್ತಿದೆ. ಮೊದಲೆಲ್ಲ ಒಂದು ಗೇಣು ಮೇಲಿನಿಂದ ಬಿಟ್ಟ ಧಾರೆ ಅತ್ತಿತ್ತ ಓಲಾಡದೆ ನೇರವಾಗಿ ಗಂಟಲಿಗಿಳಿಯುತ್ತಿತ್ತು. ಈಗ ಕೈ ಸಣ್ಣಗೆ ನಡುಗುವುದರಿಂದ ಮೊದಲ ಕಂತು ಮೂಗಿಗೂ, ಎರಡನೆಯದು ಗದ್ದಕ್ಕೂ, ಉಳಿದದ್ದೆಲ್ಲ ಅಂಗಿಯ ಎದೆಗೂ ಸಂದಾಯವಾಗಿ, ದಾಹ ಮಾತ್ರ ಯಥಾಸ್ಥಿತಿಯಲ್ಲಿ ಉಳಿಯುತ್ತದೆ. ಈ ಜಲಾಭಿಷೇಕವನ್ನು ದಿನವೂ ಉಚಿತವಾಗಿ ನೋಡುವ ಮೊಮ್ಮಗಳು, "ಕಚ್ಚಿ ಕುಡಿ ತಾತ, ನಾನು ಯಾರ್ಗೂ ಹೇಳಲ್ಲ" ಎಂದು ಅಭಯ ನೀಡುತ್ತಾಳೆ. ಪಾತ್ರೆಗೆ ತುಟಿ ತಾಗಿಸಿ ಕುಡಿಯುವುದಕ್ಕೆ ನಮ್ಮ ಕಡೆ 'ಕಚ್ಚಿ ಕುಡಿಯುವುದು' ಎಂದು ಹೆಸರು. ಹಾಗೆ ಕುಡಿದರೆ ಚೊಂಬಿಗೆ ಗಾಯವಾಗುತ್ತದೆಂದು ನಮ್ಮ ಹಿರಿಯರು ಭಾವಿಸಿದ್ದರೋ ಏನೋ. ಲಘುವಾಗಿ ಏನಾದರೂ ಬರೆಯೋಣವೆಂದೇ ಇವತ್ತು ಕೂತೆ. ಆದರೆ ಒದ್ದೆ ಅಂಗಿ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತದೆಂದು ನನಗೆ ಗೊತ್ತು. ನೀವೂ ಜೊತೆಗೆ ಬನ್ನಿ. ದಾರಿ ಅಷ್ಟೇನೂ ಹರ್ಷದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆಗಳಲ್ಲಿ ಮಗು ಅಕ್ಷರ ಕಲಿಯುವ ಮೊದಲೇ ಎಂಜಲನ್ನು ಕಲಿಯುತ್ತದೆ. ಸೀಸದ ಕಡ್ಡಿಯನ್ನು ಬಾಯಿಗಿಟ್ಟರೆ ಎಂಜಲು, ಬೆರಳು ನೆಕ್ಕಿ ಹಾಳೆ ಮಗುಚಿದರೆ ಎಂಜಲು, ರುಚಿ ನೋಡಿದ ಸೌಟು ಮರಳಿ ಪಾತ್ರೆಗಿಳಿದರೆ ಇಡೀ ಸಾರೇ ಎಂಜಲು. ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಆಯುಷ್ಯದ ಬಹುಭಾಗ ಕಳೆದವನು ನಾನು. ಕ್ರಿಯಾಪದಗಳ ಮೂರು ರೂಪಗಳನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲೆನೆಂಬ ಹಮ್ಮು ನನಗಿತ್ತು. ಆದರೆ ಎಂಜಲು ಎಂದರೇನೆಂದು ಒಬ್ಬ ವಿದೇಶಿ ಹೆಣ್ಣುಮಗಳು ಕೇಳಿದಾಗ, ನಾಲ್ಕಾರು ವಾಕ್ಯ ಜೋಡಿಸಿ, ಅವುಗಳಲ್ಲಿ ಯಾವುದೂ ಸಾಲದೆ, ಕೊನೆಗೆ ಚೊಂಬು ಎತ್ತಿ ನೀರು ಕುಡಿದು ತೋರಿಸಿದೆ. ಆಕೆಯೂ ಎತ್ತಿ ಕುಡಿಯಲು ಹೋಗಿ ಕೆಮ್ಮಿದಳು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವಳ ಹೆಸರು ಆನೆಕ. ದೇಶ ಹಾಲೆಂಡ್. ಮಕ್ಕಳ ಬಾಯಲ್ಲಿ ಆ ಹೆಸರು ಒಂದು ವಾರದೊಳಗೆ 'ಆನಕ್ಕ' ಆಯಿತು. ದೊಡ್ಡವರಿಗೆ ಆಕೆ ಮೇಡಮ್ಮೋರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಶಾಲಾಮಕ್ಕಳಿಗೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಸಲು ಅವಳ ದೇಶದ ಯಾವುದೋ ಸೇವಾಸಂಸ್ಥೆ ಸಂಬಳವಿಲ್ಲದೆ ದುಡಿಯುವವರನ್ನು ಹೊರದೇಶಗಳಿಗೆ ಕಳಿಸುತ್ತಿತ್ತು. ಹಾಗೆ ಬಂದವಳು ಮೊದಲು ತರೀಕೆರೆಯ ಬಸ್ ಸ್ಟ್ಯಾಂಡಿನೆದುರಿನ ಲಾಡ್ಜಿನಲ್ಲಿ ಕೆಲವು ದಿನ ಇದ್ದು, ರಾತ್ರಿಯಿಡೀ ಕಂಡಕ್ಟರುಗಳ ಕೂಗು ಕೇಳಿ ಬಸವಳಿದು, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಾದ ಮಂಡಿ ರುದ್ರಪ್ಪನವರ ಹಿತ್ತಿಲ ಕೋಣೆಗೆ ಬಾಡಿಗೆಗೆ ಬಂದಳು. ರುದ್ರಪ್ಪನವರು ಕೊಬ್ಬರಿ ವ್ಯಾಪಾರಿ, ಮಠದ ಭಕ್ತರು, ಊರಿಗೊಂದು ಒಳ್ಳೆಯದಾಗುವುದಾದರೆ ಕೈಯಿಂದ ಕೊಡಲು ಹಿಂದೆಮುಂದೆ ನೋಡದವರು. ನನಗೆ ದುಭಾಷಿಯ ಕೆಲಸ ಗಂಟುಬಿತ್ತು. ಈಜು ಬಾರದವನೂ, ಕೆರೆಯ ಏರಿಯ ಮೇಲೆ ನಡೆಯುವಾಗಲೂ ಊರ ಕಡೆಯ ಅಂಚನ್ನೇ ಹಿಡಿಯುವವನೂ ಆದ ನಾನು ಈಜುವಿದ್ಯೆಯ ಅಧಿಕೃತ ವಕ್ತಾರನಾದೆ.

ಅವಳು ಬಂದದ್ದು ಬೇಸಿಗೆಯಲ್ಲಿ. ಕೆರೆಯಲ್ಲಿ ಎಮ್ಮೆ ಮಲಗುವಷ್ಟು ಕೆಸರು ಬಿಟ್ಟರೆ ನೀರಿರಲಿಲ್ಲ. ಆನಕ್ಕ ಎದೆಗುಂದದೆ ತರಗತಿಯ ಬೆಂಚುಗಳನ್ನು ಅಂಗಳಕ್ಕೆ ತರಿಸಿ, ಮಕ್ಕಳನ್ನು ಅವುಗಳ ಮೇಲೆ ಬೋರಲು ಮಲಗಿಸಿ, ಗಾಳಿಯಲ್ಲೇ ಕೈಕಾಲು ಬಡಿಯುವುದನ್ನು ಅಭ್ಯಾಸ ಮಾಡಿಸಿದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ ಮುದುಕರು ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಮಕ್ಳಿಗೇನಾದ್ರೂ ಕಾಯ್ಲೆನಾ?" ಎಂದು ವಿಚಾರಿಸಿದ್ದುಂಟು.

ಮುಂಗಾರು ಬಿದ್ದು ಕೆರೆಗೆ ನೀರು ಬಂದಾಗ ನಾನು ಒಳಗೊಳಗೇ ಒಂದು ಗಲಾಟೆಗೆ ಸಿದ್ಧನಾಗಿದ್ದೆ. ಹೆಣ್ಣುಮಕ್ಕಳು ಈಜುಡುಗೆ ತೊಡುವುದೆಂದರೆ ಅಜ್ಜಂಪುರದಲ್ಲಿ ಏನಾಗಬಹುದೆಂದು ಯೋಚಿಸಿಯೇ ನನಗೆ ನಿದ್ದೆ ಬಂದಿರಲಿಲ್ಲ. ಆದರೆ ಅವಳ ದೇಶದಲ್ಲಿ ಮಕ್ಕಳು ಮೈತುಂಬ ಬಟ್ಟೆ ತೊಟ್ಟೇ ಈಜು ಕಲಿಯಬೇಕಂತೆ. ಕಾಲುವೆಗೆ ಕಾಲುಜಾರಿ ಬೀಳುವವರು ಬಟ್ಟೆ ಬಿಚ್ಚಿಟ್ಟು ಬೀಳುವುದಿಲ್ಲವಲ್ಲ ಎಂಬುದು ಅವರ ತರ್ಕ. ಹೀಗಾಗಿ ನಮ್ಮ ಹುಡುಗಿಯರು ಲಂಗ ದಾವಣಿಯಲ್ಲೇ ನೀರಿಗಿಳಿದರು. ಯಾವ ತಾಯಂದಿರೂ ಆಕ್ಷೇಪವೆತ್ತಲಿಲ್ಲ. ಸಮುದ್ರದಾಚೆಯ ಒಂದು ಪದ್ಧತಿ ನಮ್ಮ ಮರ್ಯಾದೆಗೆ ಇಷ್ಟು ಸಲೀಸಾಗಿ ಹೊಂದಿಕೊಂಡದ್ದನ್ನು ಕಂಡು ನಾನು ನಿಶ್ಚಿಂತನಾದೆ.

ಒಂದು ಸಂಜೆ ಏರಿಯ ಮೇಲೆ ಕೂತು ಅವಳು ತಾನೇಕೆ ಇಷ್ಟು ದೂರ ಬಂದೆನೆಂಬುದನ್ನು ಹೇಳಿದಳು. ಅವಳು ಚಿಕ್ಕವಳಿದ್ದಾಗ ಊರಿಗೆ ಸಮುದ್ರ ನುಗ್ಗಿ, ಪುಟ್ಟ ತಮ್ಮ ನೀರು ಕುಡಿದ. ನೀರಿನಿಂದ ಎತ್ತಿದಾಗ ಇನ್ನೂ ಬೆಚ್ಚಗಿದ್ದನಂತೆ. ಸುತ್ತ ಅಷ್ಟು ಜನ ದೊಡ್ಡವರಿದ್ದರೂ ಏನು ಮಾಡಬೇಕೆಂದು ಒಬ್ಬರಿಗೂ ತಿಳಿಯದೆ ಕೈಕಟ್ಟಿ ನಿಂತಿದ್ದರಂತೆ. "ನನ್ನ ಪಾಠ ಕಲಿತ ಒಂದು ಮಗುವೂ ಹಾಗೆ ಕೈಕಟ್ಟಿ ನಿಲ್ಲಬಾರದು, ನನಗೆ ಬೇಕಾದದ್ದು ಅಷ್ಟೇ" ಎಂದಳು. ಆ ಅಷ್ಟಕ್ಕಾಗಿ ಆಕೆ ಮನೆ, ಮದುವೆಯ ಮಾತು, ಮೀನಿನ ಊಟ ಎಲ್ಲವನ್ನೂ ಬಿಟ್ಟು ನಮ್ಮೂರಿನ ರಾಗಿಮುದ್ದೆ ನುಂಗುತ್ತಿದ್ದಳು.

ಪ್ರಥಮ ಚಿಕಿತ್ಸೆಯ ಪಾಠಗಳು ಸುಗಮವಾಗಿ ಸಾಗಿದವು. ಮಕ್ಕಳು ಪರಸ್ಪರ ಪಟ್ಟಿ ಕಟ್ಟಿಕೊಂಡು ಯುದ್ಧದಿಂದ ಮರಳಿದವರಂತೆ ಮನೆಗೆ ಹೋಗುತ್ತಿದ್ದರು. ನೀರು ಕುಡಿದವರನ್ನು ಕುಂಬಾರನ ತಿಗರಿಯ ಮೇಲೆ ಮಲಗಿಸಿ ಗಿರಗಿರನೆ ತಿರುಗಿಸುವ ನಮ್ಮ ಕಡೆಯ ಚಿಕಿತ್ಸೆ ಅಪಾಯಕಾರಿಯೆಂದು ಆಕೆ ಹೇಳಿದಾಗಲೂ ಹಿರಿಯರು ಗೊಣಗಿದರೇ ವಿನಾ ತಡೆಯಲಿಲ್ಲ. ತಡೆ ಬಂದದ್ದು ಉಸಿರು ತುಂಬುವ ಪಾಠಕ್ಕೆ. ತರಗತಿಗೆ ಒಯ್ಯುವ ಮೊದಲು ಚಿತ್ರಪಟಗಳನ್ನು ಸಮಿತಿಗೆ ತೋರಿಸುವುದು ರೂಢಿ. ನಿಶ್ಚೇಷ್ಟಿತ ಮಗುವಿನ ಬಾಯಿಗೆ ಬಾಯಿಟ್ಟು ಉಸಿರೂದುವ ಚಿತ್ರವನ್ನು ಆನಕ್ಕ ಮೇಜಿನ ಮೇಲೆ ಹರಡಿದಳು. ರುದ್ರಪ್ಪನವರು ಅದನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿಟ್ಟರು.

"ಬಾಯಿಗೆ ಬಾಯಿ ಇಡೋದು ಬ್ಯಾಡಮ್ಮ. ಎಂಜಲು. ಎಲ್ಲಾ ಜಾತಿ ಮಕ್ಳು ಒಟ್ಗೆ ಓದ್ತವೆ, ಹೆಣ್ಮಕ್ಳೂ ಅವೆ. ನಾಳೆ ಮನೆಮನೆಯಿಂದ ಜನ ಬತ್ತಾರೆ, ಸ್ಕೂಲೇ ಮುಚ್ಬೇಕಾಯ್ತದೆ" ಎಂದರು. ಹಾಗಾದರೆ ಈ ಪಾಠವೊಂದನ್ನು ಬಿಟ್ಟುಬಿಡೋಣ ಎಂದಳು ಆನಕ್ಕ. ಅದಕ್ಕೂ ಅವರು ಒಪ್ಪಲಿಲ್ಲ. ಹೋದ ಜೀವ ತರಿಸುವ ವಿದ್ಯೆ ನಮ್ಮ ಶಾಲೆಯಲ್ಲಿ ಕಲಿಸುತ್ತಾರೆಂದು ತರೀಕೆರೆಯ ತನಕ ಹೇಳಿಕೊಂಡು ಬಂದಿದ್ದರು. ಸ್ವಲ್ಪ ಯೋಚಿಸಿ, ಎಲ್ಲರಿಗೂ ಹಿತವಾಗುವ ದಾರಿ ಸಿಕ್ಕಿದ ಸಂತೋಷದಲ್ಲಿ ಹೇಳಿದರು: "ಊದೋದ್ ತಾನೇ ಮುಖ್ಯ? ಮೇಲಿಂದ ಊದ್ಲಿ. ನಾವು ನೀರು ಎತ್ತಿ ಕುಡಿಯಲ್ವಾ? ಗಂಟ್ಲಿಗೆ ಹೋಗಲ್ವಾ? ಹಂಗೇ ಒಂದ್ ಗೇಣು ಮ್ಯಾಲಿಂದ."

ಸಭೆಯಲ್ಲಿದ್ದವರೆಲ್ಲ ತಲೆದೂಗಿದರು. ಇದನ್ನು ನಾನು ಇಂಗ್ಲಿಷಿಗೆ ತಂದಾಗ ಆನಕ್ಕ ಮೊದಲು ನಕ್ಕಳು. ಯಾರೂ ತಮಾಷೆ ಮಾಡುತ್ತಿಲ್ಲವೆಂದು ತಿಳಿದ ಮೇಲೆ ನಗು ನಿಂತಿತು. ಗಾಳಿ ನೀರಿನಂತಲ್ಲ, ಅದು ಧಾರೆಯಾಗಿ ಇಳಿಯುವುದಿಲ್ಲ, ಗೇಣು ದೂರದಿಂದ ಊದಿದ್ದು ಒಳಗೆ ಹೋಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವಳ ಮಾತಿನ ಒಂದಕ್ಷರ ಬಿಡದೆ ನಾನೂ ಹೇಳಿದೆ. ಸಮಿತಿ ಕದಲಲಿಲ್ಲ. ಒಪ್ಪದಿದ್ದರೆ ಈಜೂ ನಿಲ್ಲುತ್ತದೆ, ಕೆರೆಯಾದರೋ ದಿನದಿನಕ್ಕೆ ತುಂಬುತ್ತಿದೆ. ದೀಪಾವಳಿ ಕಳೆದ ಮೇಲೆ ಈ ವಿಷಯ ಮತ್ತೆ ಮಾತಾಡಬೇಕೆಂಬ ಷರತ್ತಿನ ಮೇಲೆ ಆಕೆ ಮಣಿದಳು. ತಲೆ ಹಿಂದಕ್ಕೆ ವಾಲಿಸುವುದು, ಗದ್ದ ಎತ್ತುವುದು, ಮೂಗು ಹಿಡಿಯುವುದು ಇವೆಲ್ಲ ಮಕ್ಕಳಿಗೆ ಈಗಲೇ ರೂಢಿಯಾಗಲಿ. ಉಳಿಯುವುದು ಕೊನೆಯ ಒಂದು ಗೇಣು, ಅದನ್ನು ಜನರ ನಂಬಿಕೆ ಗಳಿಸಿದ ಮೇಲೆ ಒಂದೇ ದಿನದಲ್ಲಿ ದಾಟಬಹುದು ಎಂದು ದಾರಿಯಲ್ಲಿ ನನಗೆ ಹೇಳಿದಳು. ತುಟಿ ತಾಗಿಸುವ ಮಾತನ್ನು ಅಲ್ಲಿಯವರೆಗೆ ಮಕ್ಕಳೆದುರು ಎತ್ತಕೂಡದೆಂಬುದು ಸಮಿತಿಯ ಷರತ್ತು.

ಹೀಗೆ ನಮ್ಮ ಶಾಲೆಯಲ್ಲಿ ಜಗತ್ತಿನ ಬೇರೆಲ್ಲೂ ಇರದ ಒಂದು ವಿದ್ಯೆ ಹುಟ್ಟಿತು. ಒಬ್ಬರು ಮಲಗುವುದು, ಇನ್ನೊಬ್ಬರು ಮಂಡಿಯೂರಿ ಗೇಣು ಅಳೆದುಕೊಂಡು ಊದುವುದು. ಮಲಗಿದವರ ತುಟಿಯ ಮೇಲಿಟ್ಟ ಹತ್ತಿಯ ಎಳೆ ಅಲುಗಿದರೆ ತೇರ್ಗಡೆ. ಕೆಲವು ಹುಡುಗರು ಎಷ್ಟು ಊದಿದರೂ ಅಲುಗದ ಹತ್ತಿ, ಒಂಬತ್ತನೆಯ ತರಗತಿಯ ಸರ್ವಮಂಗಳೆ ಬಗ್ಗಿದೊಡನೆ ನಡುಗುತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರ ದೊಡ್ಡ ಮಗಳು ಅವಳು, ಈಜಿನಲ್ಲೂ ಎಲ್ಲರಿಗಿಂತ ಮುಂದು. ಅವಳ ತಂಗಿ ಶಶಿ ಇನ್ನೂ ಒಂದನೆಯ ತರಗತಿ. ಅಕ್ಕ ಕಲಿಯುವುದನ್ನು ಕಿಟಕಿಯ ಸರಳು ಹಿಡಿದು ನೋಡುತ್ತ ನಿಲ್ಲುತ್ತಿತ್ತು. ಅಭ್ಯಾಸಕ್ಕೆ ಹಗುರವಾದ ಮೈ ಬೇಕೆಂದಾಗ ಮಂಗಳೆ ತಂಗಿಯನ್ನೇ ಮಲಗಿಸುತ್ತಿದ್ದಳು. ಶಶಿ ಕಣ್ಣು ಬಿಗಿಯಾಗಿ ಮುಚ್ಚಿ ಸತ್ತಂತೆ ನಟಿಸಿ, ಹತ್ತಿಯ ಕಚಗುಳಿಗೆ ತಡೆಯಲಾರದೆ ಕಿಸಕ್ಕೆಂದು ನಕ್ಕು ಬದುಕಿಬಿಡುತ್ತಿತ್ತು. ಒಂದೇ ಸೀಬೆಕಾಯನ್ನು ಅಕ್ಕ ಕಚ್ಚಿ ತಂಗಿಗೂ ತಂಗಿ ಕಚ್ಚಿ ಅಕ್ಕನಿಗೂ ಕೊಡುತ್ತ ಅವರಿಬ್ಬರೂ ಮನೆಗೆ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಶ್ರಾವಣದ ಒಂದು ಸೋಮವಾರ. ಪಟ್ಟಿಬಟ್ಟೆ, ಹತ್ತಿ ತರಲು ಆನಕ್ಕನೂ ನಾನೂ ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋಗಿದ್ದೆವು. ಮಧ್ಯಾಹ್ನ ಮರಳಿ ಬಂದು ಬಸ್ಸಿಳಿದಾಗ, ಅಂಗಡಿಗಳ ಮುಂದೆ ಜನ ಗುಂಪುಗುಂಪಾಗಿ ನಿಂತಿದ್ದರು. ಪೂಜೆಯ ಪಾತ್ರೆ ತೊಳೆಯಲು ಅಕ್ಕನ ಜೊತೆ ಕಲ್ಯಾಣಿಗೆ ಹೋಗಿದ್ದ ಶಶಿ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿ ಬಿದ್ದಿತ್ತು.

ನೋಡಿದವರು ಹೇಳಿದ್ದನ್ನು ಹೇಳುತ್ತೇನೆ. ಮಂಗಳೆ ಕಿರುಚಲಿಲ್ಲ, ಗಾಬರಿಯಾಗಲಿಲ್ಲ. ಮೊದಲು ದಾವಣಿಯನ್ನು ಬಿಚ್ಚಿ ತುದಿಯನ್ನು ಎಸೆದಳು, ಮಗು ಹಿಡಿಯಲಿಲ್ಲ. ಆಮೇಲೆ ತಾನೇ ಇಳಿದು, ಮುಳುಗಿ ಹುಡುಕಿ, ಕಲಿಸಿದ ಹಾಗೆಯೇ ಹಿಂದಿನಿಂದ ಹಿಡಿದು ಮೆಟ್ಟಿಲಿಗೆ ತಂದಳು. ಅಷ್ಟರಲ್ಲಿ ಜನ ಸೇರಿ ತಿಗರಿಗೆ ಒಯ್ಯೋಣವೆಂದು ಎತ್ತಲು ಬಂದರೆ, ಆ ಹುಡುಗಿ ಕೈ ಅಡ್ಡ ಹಿಡಿದು, "ಯಾರೂ ಮುಟ್ಬ್ಯಾಡಿ, ನಂಗೆ ಗೊತ್ತು" ಎಂದಳಂತೆ. ತಲೆ ವಾಲಿಸಿದಳು, ಗದ್ದ ಎತ್ತಿದಳು, ಮೂಗು ಹಿಡಿದಳು. ಗೇಣು ಮೇಲಿನಿಂದ ಊದತೊಡಗಿದಳು. ಊದುತ್ತಲೇ ಇದ್ದಳು. ಸುತ್ತ ನಿಂತವರು ಆ ಹುಡುಗಿಯ ಶ್ರದ್ಧೆಗೆ ಬೆರಗಾಗಿ, ಶಶಿ ಬದುಕಿ ಬಂದೇ ಬರುತ್ತದೆಂಬ ನಂಬಿಕೆಯಲ್ಲಿ ನೋಡುತ್ತಿದ್ದರು. ಆಸ್ಪತ್ರೆಯಿಂದ ಡಾಕ್ಟರು ಓಡಿಬಂದು ಅವಳ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿದರು.

ನಾವು ಹೋದಾಗ ಅವಳು ಒದ್ದೆ ಲಂಗದಲ್ಲೇ ಮನೆಯ ಜಗಲಿಯ ಮೇಲೆ ಕೂತಿದ್ದಳು. ಒಳಗಿನಿಂದ ಅವಳ ತಾಯಿಯ ಗೋಳು ಕೇಳುತ್ತಿತ್ತು. ಆನಕ್ಕನನ್ನು ಕಂಡೊಡನೆ ಎದ್ದುನಿಂತು, ತರಗತಿಯಲ್ಲಿ ನಿಲ್ಲುವಂತೆಯೇ ನಿಂತು, "ಆನಕ್ಕ, ನಾನು ಸರಿಯಾಗ್ ಮಾಡಿದ್ನಾ?" ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದಕ್ಕಿಂತ ಕಠಿಣವಾದ ವಾಕ್ಯವನ್ನು ಭಾಷಾಂತರಿಸಿಲ್ಲ. ಆನಕ್ಕ ಮೆಲ್ಲನೆ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ: "ನಿಂಗೆ ಕಲಿಸಿದ್ದನ್ನೆಲ್ಲ ನೀನು ಸರಿಯಾಗಿ ಮಾಡಿದೀಯ." ಅದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಹುಡುಗಿ ತಲೆಯಾಡಿಸಿ ಮತ್ತೆ ಕೂತಳು.

ಆ ಸಂಜೆ ರುದ್ರಪ್ಪನವರು ಹಿತ್ತಿಲ ಕೋಣೆಗೆ ತಾವೇ ಬಂದರು. ಕೂರಲಿಲ್ಲ. ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಹಿಂಡುತ್ತ, "ಮೇಷ್ಟ್ರೇ, ಮುಟ್ಟಿದ್ರೆ ಬದುಕ್ತಿತ್ತಾ, ಕೇಳಿ" ಎಂದರು. ಕೇಳಿದೆ. ಗೊತ್ತಿಲ್ಲ, ಬಹಳ ಹೊತ್ತು ನೀರಿನಲ್ಲಿತ್ತಂತೆ, ಆಗಲೂ ಉಳಿಯದೆ ಇರಬಹುದಿತ್ತು, ಉಳಿಯಲೂಬಹುದಿತ್ತು ಎಂದಳು ಆನಕ್ಕ. ಹೌದೆಂದೋ ಇಲ್ಲವೆಂದೋ ಅಂದಿದ್ದರೆ ಅವರು ಹೇಗೋ ತಡೆದುಕೊಳ್ಳುತ್ತಿದ್ದರು. "ಇನ್ಮೇಲೆ ಹೆಂಗ್ ಬೇಕೋ ಹಂಗ್ ಕಲ್ಸಿ ತಾಯಿ" ಎಂದು ಹೇಳಿ, ಬಂದ ಹಾಗೆಯೇ ಹೋದರು. ಆ ವರ್ಷವೇ ಅಧ್ಯಕ್ಷತನ ಬಿಟ್ಟರು.

ಅನುಮತಿಯೇನೋ ಸಿಕ್ಕಿತು, ಆದರೆ ಅದನ್ನು ಬಳಸುವುದು ಹೇಗೆ? ಸರಿಯಾದದ್ದನ್ನು ಕಲಿಸಿದ ಗಳಿಗೆಯೇ, ತಾನು ಮಾಡಿದ್ದು ಏನೂ ಅಲ್ಲವೆಂದು ಮಂಗಳೆಗೆ ತಿಳಿಯುತ್ತದೆ. ಕಲಿಸದಿದ್ದರೆ ಇನ್ನೊಂದು ಮೆಟ್ಟಿಲಿನ ಮೇಲೆ ಇನ್ನೊಂದು ಮಗು ಗೇಣು ಅಳೆಯುತ್ತ ಕೂರುತ್ತದೆ. ಆನಕ್ಕ ಊಟ ಬಿಟ್ಟು ಯೋಚಿಸಿದಳು. ಅಷ್ಟರಲ್ಲಿ ಮಂಗಳೆಯನ್ನು ಸ್ವಲ್ಪ ದಿನ ಮನಸ್ಸು ಹಗುರಾಗಲೆಂದು ಯಗಟಿಯ ಸೋದರಮಾವನ ಮನೆಗೆ ಕಳಿಸಿದರು. ಅವಳು ಬಸ್ಸು ಹತ್ತಿದ ಮರುದಿನವೇ ಆನಕ್ಕ ಬಾಗಿಲು ಹಾಕಿ, ಗೋಡೆಗೆ ಮುಖಮಾಡಿದ್ದ ಚಿತ್ರಪಟವನ್ನು ತಿರುಗಿಸಿ, ನಿಜವಾದ ಪಾಠ ಮಾಡಿದಳು. ಮಕ್ಕಳು ತುಟಿಗೆ ತುಟಿ ತಾಗಿಸಿ ಕಲಿತರು. ಯಾರೂ ನಗಲಿಲ್ಲ, ಯಾರ ಮನೆಯಿಂದಲೂ ಯಾರೂ ಬರಲಿಲ್ಲ. ಮುಗಿದ ಮೇಲೆ, ಇದು ಮಂಗಳೆಯ ಕಿವಿಗೆ ಎಂದೂ ಬೀಳಬಾರದೆಂದು ಆಕೆ ಬೇಡಿಕೊಂಡಳು. ಪಕ್ಕದ ಮನೆಯಲ್ಲಿ ಬಿಕ್ಕಳಿಕೆ ಬಂದರೆ ಬೀದಿಗೆಲ್ಲ ತಿಳಿಯುವ ನಮ್ಮೂರಿನಲ್ಲಿ, ಅಷ್ಟು ಮಕ್ಕಳು ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರು. ಅವಳು ಮರಳಿ ಬಂದ ಮೇಲೆ ಅವಳೆದುರು ಎಲ್ಲರೂ ಗೇಣು ಮೇಲಿನಿಂದಲೇ ಊದುತ್ತಿದ್ದರು.

ಚಳಿಗಾಲದಲ್ಲಿ ಈ ಕೆಲಸ ನೋಡಿ ವರದಿ ಮಾಡಲು ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ ಬಂದರು. ಆನಕ್ಕ ಇನ್ನೊಂದು ವರ್ಷ ಇಲ್ಲಿ ಉಳಿಯುವುದು ಅವರ ಮಾತಿನ ಮೇಲೆ ನಿಂತಿತ್ತು. ಕಡೂರಿನ ಕಡೆಯ ಶಾಲೆಗಳಿಗೂ ಹೋಗಬೇಕೆಂದು ಆಕೆ ಆಸೆಪಟ್ಟಿದ್ದಳು. ಮಕ್ಕಳು ಸಾಲಾಗಿ ಮಂಡಿಯೂರಿ ಪ್ರದರ್ಶನ ಶುರುಮಾಡಿದರು. ಸಾಲಿನ ಕೊನೆಯಲ್ಲಿ ಮಂಗಳೆಯೂ ಇದ್ದಳು. ಅಧಿಕಾರಿಗಳಿಗೆ ವಿಷಯ ತಿಳಿದಿತ್ತು. "ಇದೇನ್ರೀ ಇದು, ದೂರದಿಂದ ಊದ್ತಾರೆ? ಬಾಯಿಗೆ ಬಾಯಿ ಇಡ್ಬೇಕಲ್ವಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟರು.

ಇಡೀ ಸಾಲು ಊದುವುದನ್ನು ನಿಲ್ಲಿಸಿತು. ಆಗ ಮುಂದಿದ್ದ ಒಬ್ಬ ಸಣ್ಣ ಹುಡುಗಿ, ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು, "ಅದು ದೊಡ್ಡೋರಿಗೆ ಸಾರ್. ಚಿಕ್ ಮಕ್ಳಿಗೆ ಹಿಂಗೇ" ಎಂದಳು. ಉಳಿದವರೆಲ್ಲ ಒಂದೇ ಕೊರಳಲ್ಲಿ, "ಹೌದು ಸಾರ್, ಚಿಕ್ ಮಕ್ಳಿಗೆ ಹಿಂಗೇ" ಎಂದರು. ಅಧಿಕಾರಿ ಆನಕ್ಕನ ಕಡೆ ತಿರುಗಿದರು. ನಾನು ಅನುವಾದಿಸುವ ಅಗತ್ಯವಿರಲಿಲ್ಲ. ಆಕೆಗೆ ಅಷ್ಟು ಕನ್ನಡ ಬಂದಿತ್ತು. "ಹೌದು" ಎಂದಳು, ಕನ್ನಡದಲ್ಲೇ. ತನ್ನ ವಿದ್ಯೆಯ ಮೊದಲ ಅಕ್ಷರವೂ ಗೊತ್ತಿಲ್ಲದ ಹೆಂಗಸೆಂದು ಆ ಮನುಷ್ಯ ತೀರ್ಮಾನಿಸಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಅವಳ ಅವಧಿ ಮುಂದುವರಿಯಲಿಲ್ಲ. ಅಜ್ಜಂಪುರದ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಮಕ್ಕಳೆಲ್ಲ ಅತ್ತರು. ಮಂಗಳೆ ಅಳದೆ, ಆನಕ್ಕನ ಕೈ ಹಿಡಿದುಕೊಂಡು ನಿಂತಿದ್ದಳು. ಆಕೆ ಅಷ್ಟು ದೂರದಿಂದ ಬಂದು ಕಲಿಸಿದ್ದರಲ್ಲಿ ನಮ್ಮೂರಿಗೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಆಮೇಲೆ ನಾನು ನಿವೃತ್ತನಾಗಿ ಕಡೂರಿಗೆ ಬಂದು ನೆಲೆಸಿದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಯಾರನ್ನೋ ಕಳಿಸಿಕೊಡಲು ಸ್ಟೇಷನ್ನಿಗೆ ಹೋದಾಗ, ಕಲ್ಲುಬೆಂಚಿನ ಮೇಲೆ ಕೂತಿದ್ದ ಹೆಂಗಸು ಎದ್ದು ನಮಸ್ಕಾರ ಮಾಡಿದಳು. ಸರ್ವಮಂಗಳೆ. ಅರಸೀಕೆರೆಗೆ ಮದುವೆಯಾಗಿ ಹೋಗಿದ್ದಳು. ಪಕ್ಕದಲ್ಲಿ ಪುಟ್ಟ ಮಗಳು. ರೈಲು ತಡವಿತ್ತು. ಆನಕ್ಕನ ಸುದ್ದಿ ಕೇಳಿದಳು. ನನ್ನಲ್ಲಿ ಸುದ್ದಿಯೇನೂ ಇರಲಿಲ್ಲ. ಅದೂ ಇದೂ ಮಾತಾಡಿ, ಮಗಳ ತಲೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದಳು.

"ನೀವೆಲ್ಲ ನನ್ಹತ್ರ ಮುಚ್ಚಿಟ್ರಲ್ಲ ಸಾರ್, ಅದು ನಂಗೆ ಗೊತ್ತಿತ್ತು."

ಯಾರು ಹೇಳಿದರೆಂದು ಕೇಳಿದೆ.

"ಯಾರೂ ಹೇಳ್ಲಿಲ್ಲ. ಅವತ್ತೇ ಕಲ್ಯಾಣಿ ಮೆಟ್ಲ ಮ್ಯಾಲೇ ಗೊತ್ತಾಯ್ತು. ಊದಿದ್ ಗಾಳಿ ಒಳಗೇ ಹೋಗ್ತಿರ್ಲಿಲ್ಲ. ಅವ್ಳ ಮುಖಕ್ಕೆ ತಾಕಿ ನನ್ ಮುಖಕ್ಕೇ ವಾಪಸ್ ಬತ್ತಿತ್ತು. ಕಲ್ಸಿದ್ದು ಹಿಂಗೇ ಅಲ್ವಾ, ಬಿಡ್ಬಾರ್ದು ಅಂತ ಊದ್ದೆ. ಕೊನೆಗೆ, ಒದ್ದೆ ಕೂದ್ಲು ಅಡ್ಡ ಬಿದ್ದಿತ್ತು, ಯಾರ್ಗೂ ಕಾಣ್ದಂಗೆ ಬಗ್ಗಿ ಬಾಯಿಗೆ ಬಾಯಿ ಇಟ್ಟೆ ಸಾರ್. ಅಷ್ಟೊತ್ಗೆ ತಣ್ಣಗಾಗ್ಬಿಟ್ಟಿತ್ತು."

ಹಾಗಿದ್ದರೆ ಆ ದಿನ ಜಗಲಿಯ ಮೇಲೆ ಸರಿಯಾಗಿ ಮಾಡಿದೆನೇ ಎಂದು ಕೇಳಿದ್ದೇಕೆಂದು ನನ್ನ ಬಾಯಿಂದ ಹೊರಟಿತು.

"ತಪ್ಪು ಅಂತ ಒಬ್ರಾದ್ರೂ ಹೇಳ್ಲಿ ಅಂತ ಕೇಳ್ದೆ. ಹೇಳಿದ್ರೆ ಆನಕ್ಕನ್ನ ತಬ್ಕಂಡು ಅತ್ಬಿಡ್ತಿದ್ದೆ. ಯಾರೂ ಹೇಳ್ಲಿಲ್ಲ. ಆಮೇಲೆ ಸ್ಕೂಲಲ್ಲಿ ಎಲ್ರೂ ನಂಗೋಸ್ಕರ ಅಷ್ಟು ಕಷ್ಟಪಡ್ತಿದ್ರು, ನಾನ್ ಯಾಕ್ ಕೆಡಿಸ್ಲಿ ಅಂತ ಸುಮ್ನಾದೆ."

ಅಷ್ಟು ವರ್ಷ ನಾವೆಲ್ಲ ಅವಳನ್ನು ಕಾಪಾಡಿದೆವೆಂದು ಮನಸ್ಸಿನಲ್ಲೇ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ನಾವು ಕೊಟ್ಟ ಕರುಣೆಯೂ ಗೇಣು ಮೇಲಿನಿಂದಲೇ ಊದಿದ್ದು. ಅದ್ಯಾವುದೂ ಅವಳ ಒಳಗೆ ಹೋಗಿರಲಿಲ್ಲ. ಎಂಜಲಿಗೆ ಹೆದರಿ ದೂರ ನಿಂತವರು ರುದ್ರಪ್ಪನವರೊಬ್ಬರೇ ಎಂದು ನಾನು ತಿಳಿದಿದ್ದೆ. ನೋವು ತಾಗೀತೆಂದು ದೂರ ನಿಂತ ನಾವು ಒಂದಿಡೀ ಶಾಲೆಯಿದ್ದೆವು. ಇದನ್ನು ಅವಳಿಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ಮಗು ನೀರು ಕೇಳಿತು. ಮಂಗಳೆ ಚೀಲದಿಂದ ಲೋಟ ತೆಗೆದು ನಲ್ಲಿಯಲ್ಲಿ ಹಿಡಿದು, ನೀರು ಹೇಗಿದೆಯೋ ಎಂದು ತಾನೊಂದು ಗುಟುಕು ಕಚ್ಚಿ ಕುಡಿದು, ಅದೇ ಲೋಟವನ್ನು ಮಗಳ ತುಟಿಗಿಟ್ಟಳು. ರೈಲು ಬಂತು, ಹೋದರು.

ಇವತ್ತು ಬೆಳಿಗ್ಗೆಯೂ ಚೊಂಬು ಎತ್ತಿದೆ. ಧಾರೆ ಎಂದಿನಂತೆ ಮೂಗು, ಗದ್ದ, ಅಂಗಿಗಳನ್ನು ಸಂದರ್ಶಿಸಿ ನೆಲಕ್ಕಿಳಿಯಿತು. ಬಾಗಿಲಲ್ಲಿ ನಿಂತ ಮೊಮ್ಮಗಳು ಈ ಸಲ ನಗಲಿಲ್ಲ. ಒಣಬಟ್ಟೆ ತಂದು ನನ್ನ ಎದೆ ಒರೆಸತೊಡಗಿದಳು. ನಾನು ಚೊಂಬನ್ನು ಇಳಿಸಿದೆ. ಇಷ್ಟು ವರ್ಷ ಕಾಯ್ದುಕೊಂಡು ಬಂದ ಆ ಗೇಣನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ, ಅಂಚನ್ನು ತುಟಿಗೆ ತಾಗಿಸಿ ಒಂದು ಗುಟುಕು ಕುಡಿದೆ. ಹಿತ್ತಾಳೆ ತಣ್ಣಗಿತ್ತು. ಮತ್ತೇನೂ ಆಗಲಿಲ್ಲ.